ಮೊದಲ ಮ್ಯಾಪ್ ಎಲ್ಲಿ ಹಂಚಬೇಕು? ಸ್ಟೀಮ್ ವರ್ಕ್‌ಶಾಪ್ ಮತ್ತು ಉಳಿದ ಜಾಗಗಳ ವಿಮರ್ಶೆ

ಕಂಪ್ಯೂಟರ್ ಆಟಕ್ಕೆ ಸ್ವಂತ ಮ್ಯಾಪ್, ಅಂದರೆ ಆಡುವ ಹೊಸ ಜಾಗವೊಂದನ್ನು, ಮಾಡಿ ಮುಗಿಸಿದವರು ಮೊದಲು ಕೇಳುವುದು, ಎಲ್ಲಿ ಹಾಕಿದರೆ ಹೆಚ್ಚು ಜನ ಆಡುತ್ತಾರೆ ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಪರಿಚಯವೇ ಇಲ್ಲದ ಒಬ್ಬ ಆಟಗಾರ ಇದನ್ನು ಇಳಿಸಿಕೊಂಡಾಗ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇಲ್ಲದಿದ್ದರೂ, ಮಾಡಿದವರ ಕಂಪ್ಯೂಟರಿನಲ್ಲಿ ಕಂಡ ಹಾಗೆಯೇ ಅವನಲ್ಲೂ ತೆರೆದುಕೊಳ್ಳುತ್ತದೆಯೇ? ಅಪ್‌ಲೋಡ್ ಬಟನ್ ಒತ್ತುವುದು ಕಷ್ಟವಲ್ಲ. ಹೊಸಬರ ಮ್ಯಾಪ್‌ಗಳು ಸೋಲುವುದು ಅಲ್ಲಿಂದ ಮುಂದೆ. ಟೆಕ್ಸ್ಚರ್, ಅಂದರೆ ಗೋಡೆ ನೆಲಗಳ ಮೇಲ್ಮೈ ಚಿತ್ರ, ಕಾಣುವುದಿಲ್ಲ, ಜಿಪ್ ಬಿಚ್ಚಿದರೆ ಫೋಲ್ಡರೊಳಗೆ ಫೋಲ್ಡರ್, ತಿದ್ದಿದ ಪ್ರತಿ ಹಾಕಿದರೆ ಸರ್ವರ್‌ಗೆ ಸೇರಲು ಆಗುವುದಿಲ್ಲ.

ಹಾಗಾಗಿ ಈ ವಿಮರ್ಶೆಯಲ್ಲಿ ಜಾಗಗಳನ್ನು ನೋಡಿರುವುದು ನಾಲ್ಕು ವಿಷಯ ಇಟ್ಟುಕೊಂಡು. ಮ್ಯಾಪ್ ಇಡಿಯಾಗಿ ತಲುಪುತ್ತದೆಯೇ, ತಿದ್ದುಪಡಿ ಹೇಗೆ ತಲುಪುತ್ತದೆ, ಹಳೆಯ ಆವೃತ್ತಿ ಬೇಕಾದವರಿಗೆ ಸಿಗುತ್ತದೆಯೇ, ದೋಷ ಕಂಡವರು ಅದನ್ನು ಮಾಡಿದವರಿಗೆ ತಿಳಿಸಲು ದಾರಿ ಇದೆಯೇ. ಜನಪ್ರಿಯತೆಗೆ ಇಲ್ಲಿ ಅಂಕ ಕೊಟ್ಟಿಲ್ಲ.

ಸ್ಟೀಮ್ ವರ್ಕ್‌ಶಾಪ್

ವಾಲ್ವ್ ಕಂಪನಿಯ ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ ಆಟಗಾರರು ಮಾಡಿದ್ದನ್ನು ಹಂಚುವ ವಿಭಾಗವೇ ವರ್ಕ್‌ಶಾಪ್. 2011ರ ಅಕ್ಟೋಬರ್‌ನಲ್ಲಿ ಟೀಮ್ ಫೋರ್ಟ್ರೆಸ್ 2 ಆಟದ ಜೊತೆ ಶುರುವಾದ ಅದು ಈಗ ಬಹಳಷ್ಟು ಆಟಗಳ ಮ್ಯಾಪ್‌ಗಳಿಗೆ ಮೊದಲ ಮನೆ. 2012ರ ಮೇ ತಿಂಗಳಲ್ಲಿ ಪೋರ್ಟಲ್ 2 ಆಟಕ್ಕೆ ಪಜಲ್ ಮೇಕರ್ ಬಂದಾಗ, ಎಡಿಟರ್ ಕಲಿಯದವರೂ ಆಟದೊಳಗಿಂದಲೇ ಚೇಂಬರ್ (ಒಗಟಿನ ಕೋಣೆ) ಕಟ್ಟಿ ಪ್ರಕಟಿಸುವಂತಾಯಿತು. ಆಟಗಾರನ ಕಡೆಯಿಂದ ನೋಡಿದರೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಸಬ್‌ಸ್ಕ್ರೈಬ್ ಒತ್ತಿದರೆ ಮ್ಯಾಪ್ ತಾನಾಗಿ ಇಳಿದು ಸರಿಯಾದ ಫೋಲ್ಡರಿಗೆ ಹೋಗಿ ಕೂರುತ್ತದೆ. ಜಿಪ್ ಬಿಚ್ಚುವುದು, ಎಲ್ಲಿ ಹಾಕಬೇಕೆಂದು ಹುಡುಕುವುದು ಯಾವುದೂ ಇಲ್ಲ.

ಮ್ಯಾಪ್ ಮಾಡುವವರ ಕಡೆಯಿಂದ ನೋಡಿದರೆ ಬಾಗಿಲಲ್ಲೇ ಮೂರು ತಡೆಗಳಿವೆ, ಮೂರನ್ನೂ ಮೊದಲೇ ತಿಳಿದಿರಬೇಕು. ಒಂದು, ಸ್ಟೀಮ್‌ನಲ್ಲಿ ಕನಿಷ್ಠ 5 ಡಾಲರ್ ಖರ್ಚು ಮಾಡದ ಖಾತೆ ಸೀಮಿತ ಖಾತೆಯಾಗಿಯೇ ಉಳಿಯುತ್ತದೆ, ಅದರಿಂದ ವರ್ಕ್‌ಶಾಪ್‌ಗೆ ಏನನ್ನೂ ಹಾಕಲು ಆಗುವುದಿಲ್ಲ. ಉಚಿತ ಆಟಗಳನ್ನಷ್ಟೇ ಆಡುವವರು ಸಿಕ್ಕಿಬೀಳುವುದು ಇಲ್ಲೇ. ಎರಡು, ವರ್ಕ್‌ಶಾಪ್‌ನ ಕಾನೂನು ಒಪ್ಪಂದವನ್ನು ಓದಿ ಒಪ್ಪದಿದ್ದರೆ ಮ್ಯಾಪ್ ಅಪ್‌ಲೋಡ್ ಆದಂತೆ ಕಂಡರೂ ಬೇರೆಯವರಿಗೆ ಕಾಣುವುದಿಲ್ಲ. ಮೂರು, ಗೋಚರತೆ. ಸಾರ್ವಜನಿಕ, ಸ್ನೇಹಿತರಿಗೆ ಮಾತ್ರ, ಮರೆಮಾಡಿದ್ದು, ಪಟ್ಟಿಯಲ್ಲಿ ತೋರಿಸದ್ದು ಎಂದು ನಾಲ್ಕು ಆಯ್ಕೆಗಳಿವೆ. ಹಲವು ಆಟಗಳ ಅಪ್‌ಲೋಡ್ ಸಾಧನಗಳು ಹೊಸ ಮ್ಯಾಪನ್ನು ಮರೆಮಾಡಿದ ಸ್ಥಿತಿಯಲ್ಲೇ ಬಿಡುತ್ತವೆ. ‘ಹಾಕಿ ವಾರವಾಯಿತು, ಒಬ್ಬರೂ ಆಡಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಸ್ಟೀಮ್‌ಗೆ ಲಾಗಿನ್ ಆಗದ ಬ್ರೌಸರ್‌ನಲ್ಲಿ ನಿಮ್ಮ ಪುಟದ ಲಿಂಕ್ ತೆರೆದು ನೋಡಿ. ಅಲ್ಲಿ ಕಂಡರೆ ಲಿಂಕ್ ಇರುವ ಎಲ್ಲರಿಗೂ ಕಾಣುತ್ತದೆ.

ಪಟ್ಟಿಯಲ್ಲಿ ತೋರಿಸದ ಆಯ್ಕೆ ಹೊಸಬರಿಗೆ ಅತ್ಯಂತ ಉಪಯುಕ್ತ. ಲಿಂಕ್ ಇದ್ದವರಷ್ಟೇ ನೋಡಬಲ್ಲರು, ಹುಡುಕಾಟದಲ್ಲಿ ಬರುವುದಿಲ್ಲ. ಎರಡು ಮೂರು ಜನರ ಕೈಗೆ ಲಿಂಕ್ ಕೊಟ್ಟು ಅವರ ಕಂಪ್ಯೂಟರಿನಲ್ಲಿ ಮ್ಯಾಪ್ ಸರಿಯಾಗಿ ಬರುವುದನ್ನು ಖಚಿತಪಡಿಸಿಕೊಂಡ ಮೇಲೆ ಸಾರ್ವಜನಿಕ ಮಾಡಿ. ಹೊಸ ಮ್ಯಾಪ್‌ಗಳ ಪಟ್ಟಿಯಲ್ಲಿ ಮುಂದೆ ಕಾಣುವ ಅವಕಾಶ ಸ್ವಲ್ಪ ಹೊತ್ತಿನದು. ಆ ಹೊತ್ತನ್ನು ಮುರಿದ ಮ್ಯಾಪ್ ತೋರಿಸಿ ಕಳೆದುಕೊಳ್ಳುವುದು ಬೇಡ.

ಅಪ್‌ಲೋಡ್ ಮಾಡುವ ವಿಧಾನ ಆಟದಿಂದ ಆಟಕ್ಕೆ ಬದಲಾಗುತ್ತದೆ, ಇದು ವರ್ಕ್‌ಶಾಪ್‌ನ ದೊಡ್ಡ ಗೊಂದಲ. ಗ್ಯಾರಿಸ್ ಮಾಡ್ ಎಂಬ ಆಟದ ಉದಾಹರಣೆ ನೋಡಿ. ಒಂದು ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ಮ್ಯಾಪ್ಸ್ ಎಂಬ ಫೋಲ್ಡರಿನಲ್ಲಿ ನಿಮ್ಮ ಬಿಎಸ್‌ಪಿ ಫೈಲ್, ಅಂದರೆ ಆಟ ಓದುವ ರೂಪದ ಮ್ಯಾಪ್, ಇಡಬೇಕು. ಹೊರಗಿನ ಫೋಲ್ಡರಿನಲ್ಲಿ ಆಡಾನ್.ಜೇಸನ್ ಎಂಬ ಚಿಕ್ಕ ಪಠ್ಯ ಫೈಲ್ ಬೇಕು. ಅದರಲ್ಲಿ ಶೀರ್ಷಿಕೆ, ಬಗೆ ಎಂಬಲ್ಲಿ ಮ್ಯಾಪ್, ಮತ್ತು ಹೆಚ್ಚೆಂದರೆ ಎರಡು ಟ್ಯಾಗ್. ಆಮೇಲೆ ಜಿಮ್ಯಾಡ್ ಎಂಬ ಸಾಧನದಿಂದ ಇಡೀ ಫೋಲ್ಡರನ್ನು ಜಿಎಂಎ ಫೈಲ್ ಮಾಡಿ, ಜಿಎಂಪಬ್ಲಿಷ್‌ನಿಂದ ಮೇಲೇರಿಸಬೇಕು. ಎರಡೂ ಆಟದ ಬಿನ್ ಫೋಲ್ಡರಿನಲ್ಲೇ ಇವೆ. ಐಕಾನ್ 512×512 ಅಳತೆಯ ಸಾದಾ ಜೆಪೆಗ್ ಆಗಿರಲಿ, ಪ್ರೊಗ್ರೆಸಿವ್ ಜೆಪೆಗ್ ಬೇಡ. ಫೋಲ್ಡರಿನಲ್ಲಿ ಅಪ್ಪಿತಪ್ಪಿ ಒಂದು ಫೋಟೋಶಾಪ್ ಫೈಲ್ ಅಥವಾ ಹ್ಯಾಮರ್ ಎಂಬ ಎಡಿಟರ್‌ನ ವಿಎಂಎಫ್ ಮೂಲ ಫೈಲ್ ಉಳಿದಿದ್ದರೂ ಜಿಮ್ಯಾಡ್ ಅನುಮತಿ ಇಲ್ಲದ ಫೈಲ್ ಎಂದು ನಿಂತುಬಿಡುತ್ತದೆ. ಅಂಥವುಗಳನ್ನು ಬೇರೆಡೆ ಇಡಿ, ಇಲ್ಲವೇ ಆಡಾನ್.ಜೇಸನ್‌ನ ಇಗ್ನೋರ್ ಪಟ್ಟಿಗೆ ಸೇರಿಸಿ. ಫೈಲ್ ಹೆಸರುಗಳೆಲ್ಲ ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ ಲೆಕ್ಕಕ್ಕಿಲ್ಲ, ಲಿನಕ್ಸ್ ಸರ್ವರ್‌ನಲ್ಲಿ ಅದೇ ಫೈಲ್ ಸಿಗುವುದಿಲ್ಲ.

ಮುನ್ನೋಟದ ಚಿತ್ರ 1 ಎಂಬಿಗಿಂತ ಕಡಿಮೆ ಇರಲಿ. ಅಪ್‌ಲೋಡ್ ಕೊನೆಯ ಹಂತದಲ್ಲಿ ಕಾರಣ ಹೇಳದೆ ವಿಫಲವಾಗುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದ್ದು ಈ ಚಿತ್ರವನ್ನೇ.

ಈಗ ತಿದ್ದುಪಡಿಯ ವಿಷಯ. ವರ್ಕ್‌ಶಾಪ್‌ನ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ನೀವು ಹೊಸ ಪ್ರತಿ ಹಾಕಿದರೆ ಸಬ್‌ಸ್ಕ್ರೈಬ್ ಆದ ಎಲ್ಲರಿಗೂ ಅದು ತಾನಾಗಿ ಹೋಗುತ್ತದೆ. ಬಾಗಿಲು ತೆರೆಯದ ದೋಷವನ್ನು ಬೆಳಿಗ್ಗೆ ಸರಿಮಾಡಿದರೆ ಸಂಜೆ ಆಡುವವರಿಗೆ ಸರಿಯಾದ ಬಾಗಿಲು. ಆದರೆ ಹಳೆಯ ಪ್ರತಿ ಬೇಕೆಂದರೆ ಸಾಮಾನ್ಯವಾಗಿ ಸಬ್‌ಸ್ಕ್ರೈಬರ್‌ಗೆ ಸಿಗುವುದಿಲ್ಲ. ಒಬ್ಬರೇ ಆಡುವ ದೊಡ್ಡ ಮ್ಯಾಪ್ ಅರ್ಧ ಆಡಿ ಸೇವ್ ಮಾಡಿಟ್ಟವರ ಆಟ ನಿಮ್ಮ ತಿದ್ದುಪಡಿಯಿಂದ ಹಾಳಾಗಬಹುದು. ಸರ್ವರ್ ಹೊಸ ಪ್ರತಿ ಪಡೆಯುವ ಮೊದಲೇ ಆಟಗಾರ ಪಡೆದರೆ, ಅಥವಾ ಉಲ್ಟಾ ಆದರೆ, ಎರಡೂ ಹೊಂದದೆ ಸಂಪರ್ಕ ಕಡಿಯುತ್ತದೆ. ಆದ್ದರಿಂದ ಸಣ್ಣ ಸಣ್ಣ ಬದಲಾವಣೆಗೆಲ್ಲ ಅಪ್‌ಡೇಟ್ ಹಾಕಬೇಡಿ, ಕೂಡಿಸಿಟ್ಟು ಒಟ್ಟಿಗೆ ಹಾಕಿ. ಪ್ರತಿ ಸಲವೂ ಬದಲಾವಣೆ ಟಿಪ್ಪಣಿ ಬರೆಯಿರಿ. ‘ದೋಷ ಸರಿಪಡಿಸಿದೆ’ ಎಂಬ ಟಿಪ್ಪಣಿಯಿಂದ ಯಾರಿಗೂ ಉಪಯೋಗವಿಲ್ಲ. ‘ಎರಡನೇ ಕೋಣೆಯ ಲಿಫ್ಟ್ ಇಬ್ಬರು ಒಟ್ಟಿಗೆ ಹತ್ತಿದರೆ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ, ಹಳೆಯ ಸೇವ್ ಕೆಲಸ ಮಾಡುತ್ತದೆ’ ಎಂದು ಬರೆದರೆ ಆಡುವವರಿಗೆ ಗೊತ್ತಾಗುತ್ತದೆ.

ಮತ್ತು ಪ್ರತಿಯೊಂದು ಪ್ರಕಟಿತ ಆವೃತ್ತಿಯ ಮೂಲ ಫೈಲನ್ನೂ ನಿಮ್ಮಲ್ಲೇ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ವರ್ಕ್‌ಶಾಪ್ ಬ್ಯಾಕಪ್ ಅಲ್ಲ. ಅಲ್ಲಿರುವುದು ಕಂಪೈಲ್ ಆದ, ಅಂದರೆ ಆಟ ಓದುವ ರೂಪಕ್ಕೆ ಬದಲಿಸಿದ ಪ್ರತಿ, ಎಡಿಟರ್‌ನಲ್ಲಿ ತೆರೆಯುವ ಮೂಲ ಅಲ್ಲ.

ಸೋರ್ಸ್ ಎಂಜಿನ್ ಮ್ಯಾಪ್: ಕಾಣೆಯಾಗುವ ಟೆಕ್ಸ್ಚರ್‌ಗಳ ಕಥೆ

ಗ್ಯಾರಿಸ್ ಮಾಡ್‌ನಂಥ ಆಟಗಳನ್ನು ಓಡಿಸುವ ವಾಲ್ವ್‌ನ ಸೋರ್ಸ್ ಎಂಜಿನ್‌ಗೆ ಮ್ಯಾಪ್ ಮಾಡುವವರಿಗೆ ಎಲ್ಲಿ ಹಾಕುವುದು ಎಂಬುದಕ್ಕಿಂತ ಏನನ್ನು ಹಾಕುವುದು ಎಂಬುದೇ ದೊಡ್ಡ ಪ್ರಶ್ನೆ. ಮಾಡಿದವರ ಕಂಪ್ಯೂಟರಿನಲ್ಲಿ ಎಲ್ಲ ಸರಿ, ಉಳಿದವರಲ್ಲಿ ಗೋಡೆಯೆಲ್ಲ ನೇರಳೆ ಕಪ್ಪು ಚೌಕ, ಕುರ್ಚಿ ಇರಬೇಕಾದ ಕಡೆ ದೊಡ್ಡ ಕೆಂಪು ಅಕ್ಷರದಲ್ಲಿ ಎರರ್ ಎಂಬ ಬರಹ. ಕಾರಣ ಸರಳ: ನೀವು ಸೇರಿಸಿದ ಟೆಕ್ಸ್ಚರ್, ಮಾಡೆಲ್, ಸದ್ದು ಎಲ್ಲ ನಿಮ್ಮ ಆಟದ ಫೋಲ್ಡರಿನಲ್ಲಿ ಬಿಡಿಯಾಗಿ ಕೂತಿವೆ, ಆಟ ಅಲ್ಲಿಂದ ಓದಿಕೊಳ್ಳುತ್ತಿದೆ. ಬಿಎಸ್‌ಪಿ ಒಳಗೆ ಅವು ಇಲ್ಲ.

ಪರಿಹಾರವೆಂದರೆ ಅವನ್ನು ಬಿಎಸ್‌ಪಿ ಒಳಗೇ ತುಂಬುವುದು. ಕಂಪೈಲ್‌ಪ್ಯಾಲ್ ಎಂಬ ಉಚಿತ ಸಾಧನ ಕಂಪೈಲ್ ಮಾಡುವಾಗಲೇ ಮ್ಯಾಪ್ ಬಳಸುವ ಫೈಲ್‌ಗಳನ್ನು ಹುಡುಕಿ ತುಂಬುತ್ತದೆ. ಕೈಯಾರೆ ಮಾಡುವವರಿಗೆ ವಾಲ್ವ್ ಕೊಡುವ ಬಿಎಸ್‌ಪಿಜಿಪ್ ಇದೆ, ವೈಡ್ ಇದೆ. ಟೆಕ್ಸ್ಚರ್ ಎಂದರೆ ವಿಟಿಎಫ್ ಮಾತ್ರ ಅಲ್ಲ, ಅದರ ಜೊತೆಯ ವಿಎಂಟಿ ಫೈಲೂ ಬೇಕು, ಎರಡರಲ್ಲಿ ಒಂದು ಬಿಟ್ಟರೂ ಚೌಕಗಳೇ. ಮಾಡೆಲ್‌ಗೆ ಎಂಡಿಎಲ್ ಒಂದೇ ಸಾಲದು, ಅದೇ ಹೆಸರಿನ ವಿವಿಡಿ, ವಿಟಿಎಕ್ಸ್ ಮತ್ತು ಡಿಕ್ಕಿ ಹೊಡೆಯುವ ಆಕಾರ ಇರುವ ಪಿಎಚ್‌ವೈ ಕೂಡ ಬೇಕು. ಪಿಎಚ್‌ವೈ ಬಿಟ್ಟುಹೋದರೆ ವಸ್ತು ಕಾಣುತ್ತದೆ, ಆದರೆ ಆಟಗಾರ ಅದರ ಮೂಲಕ ನಡೆದುಹೋಗುತ್ತಾನೆ.

ತುಂಬಿಯಾಯಿತು ಎಂದು ನಂಬಬೇಡಿ, ಪರೀಕ್ಷಿಸಿ. ಆಟ ಮುಚ್ಚಿ, ನೀವು ಸೇರಿಸಿದ ಮೆಟೀರಿಯಲ್ಸ್, ಮಾಡೆಲ್ಸ್, ಸೌಂಡ್ ಫೋಲ್ಡರ್‌ಗಳ ಹೆಸರು ತಾತ್ಕಾಲಿಕವಾಗಿ ಬದಲಿಸಿ, ಆಟ ತೆರೆದು ಮ್ಯಾಪ್ ಲೋಡ್ ಮಾಡಿ. ಈಗ ನಿಮ್ಮ ಕಂಪ್ಯೂಟರೂ ಅಪರಿಚಿತನ ಕಂಪ್ಯೂಟರೇ. ಪ್ರತಿ ಕೋಣೆಗೂ ಹೋಗಿ ನೋಡಿ, ಕನ್ಸೋಲ್ ತೆರೆದು ಕೆಂಪು ಸಾಲುಗಳನ್ನು ಓದಿ. ಐದು ನಿಮಿಷದ ಈ ಕೆಲಸ ಬಿಟ್ಟಿದ್ದಕ್ಕೆ ಹಾಳಾದ ಮೊದಲ ಪ್ರಕಟಣೆಗಳಿಗೆ ಲೆಕ್ಕವಿಲ್ಲ.

ಹೆಸರಿನ ವಿಷಯದಲ್ಲಿ ಎರಡು ನಿಯಮ ಮುರಿಯಲೇಬಾರದು. ಮೊದಲನೆಯದು, ಒಂದೇ ಹೆಸರಿನಲ್ಲಿ ಎರಡು ಬೇರೆ ಮ್ಯಾಪ್ ಹೊರಗೆ ಬಿಡಬಾರದು. ಸರ್ವರ್‌ನಲ್ಲಿರುವ ಫೈಲೂ ಆಟಗಾರನಲ್ಲಿರುವ ಫೈಲೂ ಹೆಸರಿನಲ್ಲಿ ಒಂದೇ ಆಗಿ ಒಳಗೆ ಬೇರೆಯಾದರೆ, ನಿನ್ನ ಮ್ಯಾಪ್ ಸರ್ವರ್‌ನದಕ್ಕಿಂತ ಭಿನ್ನ ಎಂದು ಆಟ ಹೊರಗೆ ಹಾಕುತ್ತದೆ. ಹಳೆಯದನ್ನು ಹುಡುಕಿ ಅಳಿಸುವ ತನಕ ಆಟಗಾರ ಒಳಗೆ ಬರಲಾರ. ಟೀಮ್ ಫೋರ್ಟ್ರೆಸ್ 2 ಮ್ಯಾಪರ್‌ಗಳ ರೂಢಿ ಇದಕ್ಕೆ ಒಳ್ಳೆಯ ಮಾದರಿ. ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಆಲ್ಫಾಗೆ ಎ1, ಎ2, ಬೀಟಾಗೆ ಬಿ1, ಬಿ2, ಬಹುತೇಕ ಮುಗಿದದ್ದಕ್ಕೆ ಆರ್‌ಸಿ1 ಎಂದು ಸೇರಿಸುತ್ತಾರೆ. ‘ಫೈನಲ್’ ಎಂಬ ಪದ ಬೇಡವೇ ಬೇಡ, ಅದರ ಮೇಲೂ ಒಂದು ತಿದ್ದುಪಡಿ ಬಂದೇ ಬರುತ್ತದೆ.

ಎರಡನೆಯದು, ಕಂಪೈಲ್ ಆದ ಬಿಎಸ್‌ಪಿ ಫೈಲಿನ ಹೆಸರನ್ನು ಕೈಯಿಂದ ಬದಲಿಸಬಾರದು. ಹೊಳೆಯುವ ಮೇಲ್ಮೈಗಳ ಪ್ರತಿಫಲನ ಚಿತ್ರಗಳು, ಅಂದರೆ ಕ್ಯೂಬ್‌ಮ್ಯಾಪ್‌ಗಳು, ಮ್ಯಾಪಿನ ಹೆಸರಿರುವ ಫೋಲ್ಡರಿನಲ್ಲಿ ಬಿಎಸ್‌ಪಿ ಒಳಗೆ ಕೂತಿರುತ್ತವೆ. ಹೊರಗಿನ ಹೆಸರು ಬದಲಾದರೆ ಆ ದಾರಿ ತಪ್ಪುತ್ತದೆ, ಗಾಜು, ನೆಲ, ನೀರೆಲ್ಲ ಕೆಡುತ್ತದೆ. ವಿಎಂಎಫ್ ಅನ್ನು ಹೊಸ ಹೆಸರಿನಲ್ಲಿ ಉಳಿಸಿ, ಮತ್ತೆ ಕಂಪೈಲ್ ಮಾಡಿ, ಬಿಲ್ಡ್‌ಕ್ಯೂಬ್‌ಮ್ಯಾಪ್ಸ್ ಓಡಿಸಿ. ಇದಕ್ಕೆ ಅಡ್ಡದಾರಿ ಹುಡುಕಬೇಡಿ.

ಪ್ರಕಟಿಸುವ ಪ್ರತಿಗೆ ಪೂರ್ತಿ ಕಂಪೈಲ್ ಮಾಡಬೇಕು. ಎಲ್ಲಿಂದ ಏನು ಕಾಣುತ್ತದೆಂದು ಲೆಕ್ಕ ಹಾಕುವ ವಿವಿಸ್ ಹಂತವನ್ನು ವೇಗದ ಆಯ್ಕೆಯಲ್ಲಿ ಮುಗಿಸಿದರೆ ಗೋಡೆಯ ಹಿಂದಿನದನ್ನೂ ಎಂಜಿನ್ ಚಿತ್ರಿಸುತ್ತ ಕೂರುತ್ತದೆ, ಆಟಗಾರರ ಫ್ರೇಮ್ ದರ ಬೀಳುತ್ತದೆ. ಕಂಪೈಲ್ ಲಾಗ್‌ನಲ್ಲಿ ಲೀಕ್ ಎಂದು ಬಂದಿದ್ದರೆ ವಿವಿಸ್ ನಡೆದೇ ಇಲ್ಲ ಎಂದರ್ಥ. ಹ್ಯಾಮರ್‌ನಲ್ಲಿ ಪಾಯಿಂಟ್‌ಫೈಲ್ ಲೋಡ್ ಮಾಡಿದರೆ ಕೆಂಪು ಗೆರೆಯೊಂದು ತೂತಿರುವ ಜಾಗಕ್ಕೆ ಕರೆದೊಯ್ಯುತ್ತದೆ. ಲೀಕ್ ಇರುವ ಮ್ಯಾಪನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ.

ಮೈನ್‌ಕ್ರಾಫ್ಟ್ ಲೋಕಗಳು: ಪ್ಲಾನೆಟ್ ಮೈನ್‌ಕ್ರಾಫ್ಟ್, ಕರ್ಸ್‌ಫೋರ್ಜ್

ಮೈನ್‌ಕ್ರಾಫ್ಟ್‌ನಲ್ಲಿ ಮ್ಯಾಪ್ ಎಂದರೆ ಉಳಿಸಿಟ್ಟ ಒಂದು ಲೋಕ. ಕಂಪ್ಯೂಟರಿನಲ್ಲಿ ಆಡುವ ಅದರ ಜಾವಾ ಆವೃತ್ತಿಗೆ ವರ್ಕ್‌ಶಾಪ್ ಇಲ್ಲ. ಜಿಪ್ ಮಾಡುವುದು ನೀವೇ, ಬಿಚ್ಚುವುದು ಆಟಗಾರನೇ. ಎರಡು ಜಾಗಗಳಲ್ಲಿ ಪ್ಲಾನೆಟ್ ಮೈನ್‌ಕ್ರಾಫ್ಟ್ ನೋಡುಗರಿಗೆ ಚೆನ್ನಾಗಿದೆ. ಚಿತ್ರಗಳಿಗೆ ಧಾರಾಳ ಜಾಗ, ಕಟ್ಟಡಗಳನ್ನು ಮೆಚ್ಚಿ ಬರೆಯುವ ಜನ, ಚರ್ಚೆಯೂ ಜೀವಂತ. ಕಟ್ಟಡವೇ ಮುಖ್ಯವಾದ ಲೋಕಕ್ಕೆ ಅದೇ ಸರಿ. ಕರ್ಸ್‌ಫೋರ್ಜ್ ಆವೃತ್ತಿ ಪಟ್ಟಿಯ ವಿಷಯದಲ್ಲಿ ಮೇಲು: ಪ್ರತಿ ಫೈಲಿಗೂ ಆಟದ ಯಾವ ಆವೃತ್ತಿಗೆ ಎಂದು ಗುರುತು ಹಾಕಬಹುದು, ಹಳೆಯ ಫೈಲ್‌ಗಳು ಪಟ್ಟಿಯಲ್ಲೇ ಉಳಿಯುತ್ತವೆ. ಹಾಕಿದ್ದು ಪರಿಶೀಲನೆ ಆದಮೇಲೆ ಕಾಣುವುದರಿಂದ ಸ್ವಲ್ಪ ಕಾಯಬೇಕು. ಆಡಲಿಕ್ಕೆಂದೇ ಮಾಡಿದ, ಮೇಲಿಂದ ಮೇಲೆ ತಿದ್ದುವ ಸಾಹಸ ಮ್ಯಾಪ್‌ಗೆ ಕರ್ಸ್‌ಫೋರ್ಜ್ ಒಳ್ಳೆಯದು.

ಜಿಪ್ ಮಾಡುವ ಮೊದಲು ಲೋಕವನ್ನು ಸಿದ್ಧಪಡಿಸಬೇಕು, ಹೊಸಬರ ತಪ್ಪೆಲ್ಲ ಇಲ್ಲೇ. ಮೊಟ್ಟಮೊದಲು ಲೋಕದ ನಕಲು ಮಾಡಿ, ಮುಂದಿನದೆಲ್ಲ ನಕಲಿನ ಮೇಲೆ. ಒಬ್ಬರೇ ಆಡುವ ಲೋಕದಲ್ಲಿ ಆಟಗಾರನ ಸ್ಥಿತಿ, ಅಂದರೆ ಎಲ್ಲಿ ನಿಂತಿದ್ದಾನೆ, ಕೈಯಲ್ಲಿ ಏನಿದೆ, ಯಾವ ಮೋಡ್‌ನಲ್ಲಿದ್ದಾನೆ ಎಂಬುದು ಬಹುತೇಕ ಆವೃತ್ತಿಗಳಲ್ಲಿ ಲೆವೆಲ್.ಡ್ಯಾಟ್ ಫೈಲಿನೊಳಗೂ ಸೇರಿರುತ್ತದೆ. ನೀವು ಕೊನೆಯ ಕೋಣೆಯಲ್ಲಿ ಕ್ರಿಯೇಟಿವ್ ಮೋಡ್‌ನಲ್ಲಿ ಹಾರಾಡುತ್ತ ಉಳಿಸಿ ಮುಚ್ಚಿದ್ದರೆ, ಆಟಗಾರನೂ ಅದೇ ಕೊನೆಯ ಕೋಣೆಯಲ್ಲಿ ಕ್ರಿಯೇಟಿವ್ ಮೋಡ್‌ನಲ್ಲಿ ಕಣ್ಣುಬಿಡುತ್ತಾನೆ. ಆದ್ದರಿಂದ ಮುಚ್ಚುವ ಮುನ್ನ ಆರಂಭದ ಜಾಗಕ್ಕೆ ಹೋಗಿ ನಿಲ್ಲಿ, ಸೆಟ್‌ವರ್ಲ್ಡ್‌ಸ್ಪಾನ್ ಆಜ್ಞೆ ಕೊಡಿ, ನಿಮ್ಮ ಸ್ವಂತ ಸ್ಪಾನ್‌ಪಾಯಿಂಟ್ (ಆಟಗಾರ ಹುಟ್ಟುವ ಜಾಗ) ಕೂಡ ಅಲ್ಲೇ ಇಡಿ, ಚೀಲ ಖಾಲಿ ಮಾಡಿ, ಅನುಭವ ಅಂಕ ಸೊನ್ನೆಗೆ ತನ್ನಿ, ಮೋಡ್ ಅಡ್ವೆಂಚರ್‌ಗೆ ಬದಲಿಸಿ, ಮುಖ ಮೊದಲ ಬಾಗಿಲಿನ ಕಡೆ ತಿರುಗಿಸಿ, ಆಮೇಲೆ ಉಳಿಸಿ ಹೊರಬನ್ನಿ.

ಆಟ ಪೂರ್ತಿ ಮುಚ್ಚಿದ ಮೇಲೆ ಫೋಲ್ಡರ್ ತೆರೆಯಿರಿ. ಪ್ಲೇಯರ್‌ಡೇಟಾ, ಸ್ಟ್ಯಾಟ್ಸ್, ಅಡ್ವಾನ್ಸ್‌ಮೆಂಟ್ಸ್ ಈ ಮೂರರೊಳಗೆ ಇರುವುದು ಪರೀಕ್ಷೆಗೆಂದು ಆಡಿದವರ ವಿವರ. ಅವರ ಖಾತೆಯ ಗುರುತಿನ ಸಂಖ್ಯೆಯೇ ಫೈಲಿನ ಹೆಸರು. ಅದನ್ನು ಊರಿಗೆಲ್ಲ ಹಂಚುವ ಅಗತ್ಯವಿಲ್ಲ, ಮೂರನ್ನೂ ತೆಗೆಯಿರಿ. ಸೆಷನ್.ಲಾಕ್ ಕೂಡ ಬೇಡ.

ಗಾತ್ರ ಇಳಿಸುವುದು ಮುಂದಿನ ಕೆಲಸ. ರೀಜನ್ ಫೋಲ್ಡರಿನ ಒಂದೊಂದು ಎಂಸಿಎ ಫೈಲೂ 32×32 ಚಂಕ್ (ನೆಲದ ತುಂಡು), ಅಂದರೆ 512×512 ಬ್ಲಾಕ್ ನೆಲವನ್ನು ಹಿಡಿದಿರುತ್ತದೆ. ಕಟ್ಟುವಾಗ ಹಾರಾಡಿದ ಕಡೆಯೆಲ್ಲ ಹೊಸ ನೆಲ ಹುಟ್ಟಿ ಫೈಲ್‌ಗಳು ಸೇರಿಕೊಂಡಿರುತ್ತವೆ. ಎಂಸಿಎ ಸೆಲೆಕ್ಟರ್ ಎಂಬ ಉಚಿತ ಸಾಧನದಲ್ಲಿ ಲೋಕವನ್ನು ಮೇಲಿನಿಂದ ನೋಡುತ್ತ ಬೇಡದ ಚಂಕ್‌ಗಳನ್ನು ಆರಿಸಿ ಅಳಿಸಬಹುದು. ಕೈಯಿಂದ ಅಳಿಸುವವರು ನೆನಪಿಡಬೇಕಾದ್ದು: ಆಟದ 1.17 ಆವೃತ್ತಿಯಿಂದ ಜೀವಿಗಳ ಮಾಹಿತಿ ಎಂಟಿಟೀಸ್ ಎಂಬ ಬೇರೆ ಫೋಲ್ಡರಿನಲ್ಲಿದೆ, ಹಳ್ಳಿಗರ ಹಾಸಿಗೆ ಕೆಲಸದ ಜಾಗಗಳ ಲೆಕ್ಕ ಪಿಒಐ ಫೋಲ್ಡರಿನಲ್ಲಿದೆ. ರೀಜನ್‌ನಲ್ಲಿ ಅಳಿಸಿದ ಹೆಸರಿನ ಫೈಲನ್ನು ಅವೆರಡರಲ್ಲೂ ಅಳಿಸಿ. ಉಳಿದ ಚಂಕ್‌ಗಳ ಅಂಚಿನಲ್ಲಿ ಹೊಸ ನೆಲ ಮತ್ತೆ ಹುಟ್ಟುತ್ತದೆ. ಅದು ಬೇಡವಾದರೆ ವರ್ಲ್ಡ್‌ಬಾರ್ಡರ್, ಅಂದರೆ ಲೋಕಕ್ಕೆ ಗಡಿ, ಹಾಕಿ.

ಸ್ವಂತ ಟೆಕ್ಸ್ಚರ್ ಇದ್ದರೆ ರಿಸೋರ್ಸ್ ಪ್ಯಾಕನ್ನು ರಿಸೋರ್ಸಸ್.ಜಿಪ್ ಎಂಬ ಹೆಸರಿನಲ್ಲಿ ಲೋಕದ ಫೋಲ್ಡರಿನೊಳಗೇ ಇಡಿ, ಲೋಕ ತೆರೆದಾಗ ತಾನಾಗಿ ಬರುತ್ತದೆ. ಆ ಜಿಪ್ ತೆರೆದ ಕೂಡಲೇ ಪ್ಯಾಕ್.ಎಂಸಿಮೆಟಾ ಕಾಣಬೇಕು. ನಡುವೆ ಇನ್ನೊಂದು ಫೋಲ್ಡರ್ ಇದ್ದರೆ ಪ್ಯಾಕ್ ಬರುವುದಿಲ್ಲ. ಸರ್ವರ್‌ನಲ್ಲಿ ಹಾಕುವವರಿಗೆ ಇದು ಸಾಲದು: ಪ್ಯಾಕಿನ ನೇರ ಲಿಂಕನ್ನು ಸರ್ವರ್.ಪ್ರಾಪರ್ಟೀಸ್ ಫೈಲಿನಲ್ಲಿ ಕೊಡಬೇಕೆಂದು ವಿವರಣೆಯಲ್ಲಿ ಬರೆಯಿರಿ. ಜೊತೆಗೆ ಸ್ಪಾನ್ ಪ್ರೊಟೆಕ್ಷನ್ ಸೊನ್ನೆ ಮಾಡಿ ಎಂದೂ ಬರೆಯಿರಿ. ಆ ಸಂಖ್ಯೆ ಮೊದಲಿನಿಂದ 16 ಇರುತ್ತದೆ. ಸರ್ವರ್‌ನಲ್ಲಿ ಒಬ್ಬ ಆಪರೇಟರ್ ಇದ್ದರೂ ಸಾಕು, ಆರಂಭದ ಜಾಗದ ಸುತ್ತಲಿನ ಬಟನ್, ಲಿವರ್, ಪೆಟ್ಟಿಗೆ ಯಾವುದೂ ಉಳಿದವರಿಗೆ ಒತ್ತಲು ಬಾರದು. ‘ಮೊದಲ ಬಟನ್ನೇ ಕೆಲಸ ಮಾಡುತ್ತಿಲ್ಲ’ ಎಂಬ ಕಾಮೆಂಟಿನ ಮೂಲ ಅದೇ.

ಕೊನೆಗೆ ಜಿಪ್. ಜಾವಾದಲ್ಲಿ ಜಿಪ್ ತೆರೆದರೆ ಒಂದೇ ಫೋಲ್ಡರ್, ಅದರೊಳಗೆ ಲೆವೆಲ್.ಡ್ಯಾಟ್ ಕಾಣಬೇಕು. ಸೇವ್ಸ್ ಫೋಲ್ಡರಿಗೆ ಎಳೆದು ಹಾಕಿದರೆ ಲೋಕ ಪಟ್ಟಿಯಲ್ಲಿ ಬರುತ್ತದೆ. ಮೈನ್‌ಕ್ರಾಫ್ಟ್‌ನ ಇನ್ನೊಂದು ಆವೃತ್ತಿಯಾದ ಬೆಡ್‌ರಾಕ್‌ನಲ್ಲಿ ಉಲ್ಟಾ. ಎಂಸಿವರ್ಲ್ಡ್ ಎಂಬುದು ಹೆಸರು ಬದಲಿಸಿದ ಜಿಪ್ಪೇ, ಆದರೆ ಲೆವೆಲ್.ಡ್ಯಾಟ್ ಯಾವ ಫೋಲ್ಡರಿನೊಳಗೂ ಇರದೆ ಮೇಲೆಯೇ ಇರಬೇಕು. ಆಟದೊಳಗಿನ ಎಕ್ಸ್‌ಪೋರ್ಟ್ ಬಟನ್ ಬಳಸಿದರೆ ಸರಿಯಾಗಿಯೇ ಬರುತ್ತದೆ, ಅದನ್ನೇ ಬಳಸಿ. ಲೋಕವನ್ನು ಯಾವ ಆವೃತ್ತಿಯಲ್ಲಿ ಉಳಿಸಿದ್ದೀರಿ ಎಂಬುದನ್ನು ಶೀರ್ಷಿಕೆಯಲ್ಲೇ ಹಾಕಿ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಲೋಕವನ್ನು ಹಳೆಯದರಲ್ಲಿ ಸುರಕ್ಷಿತವಾಗಿ ತೆರೆಯಲಾಗದು.

ಮಾಡ್ ಡಿಬಿ, ಗೇಮ್‌ಬನಾನ, ಐಡಿಗೇಮ್ಸ್

2002ರಿಂದ ನಡೆಯುತ್ತಿರುವ ಮಾಡ್ ಡಿಬಿ ಯಾವುದೇ ಆಟದ ಮ್ಯಾಪನ್ನೂ ಸೇರಿಸಿಕೊಳ್ಳುತ್ತದೆ. ಫೈಲ್ ಪರಿಶೀಲನೆಯಾಗಿ ಬರುತ್ತದೆ, ಹಳೆಯ ಆವೃತ್ತಿಗಳು ಬೇರೆ ಬೇರೆ ಫೈಲ್ ಆಗಿ ಉಳಿಯುತ್ತವೆ, ಪ್ರತಿ ಫೈಲಿನ ಪುಟದಲ್ಲೂ ಎಂಡಿ5 ಸಂಖ್ಯೆ ಇರುತ್ತದೆ. ಇಳಿಸಿಕೊಂಡದ್ದು ಪೂರ್ತಿ ಬಂದಿದೆಯೇ ಎಂದು ಅದರಿಂದ ತಾಳೆ ನೋಡಬಹುದು. ವರ್ಕ್‌ಶಾಪ್ ಕೈಬಿಡುವ ಕಡೆ ಮಾಡ್ ಡಿಬಿ ಹಿಡಿದುಕೊಳ್ಳುತ್ತದೆ. ಎರಡೂ ಕಡೆ ಹಾಕುವುದೇ ಒಳ್ಳೆಯದು: ಆಡುವವರಿಗೆ ವರ್ಕ್‌ಶಾಪ್, ಉಳಿಸಿಕೊಳ್ಳುವವರಿಗೆ ಮಾಡ್ ಡಿಬಿ. ಗೇಮ್‌ಬನಾನ ಕೂಡ ಇದೇ ಬಗೆಯದು. ಕೌಂಟರ್ ಸ್ಟ್ರೈಕ್‌ನ ಹಳೆಯ ಆವೃತ್ತಿಗಳ ಮ್ಯಾಪ್ ಹುಡುಕುವವರು ಮೊದಲು ಹೋಗುವುದು ಅಲ್ಲಿಗೇ.

ಡೂಮ್ ಮ್ಯಾಪ್‌ಗಳ ಐಡಿಗೇಮ್ಸ್ ಸಂಗ್ರಹಕ್ಕೆ ಇಲ್ಲಿ ಪೂರ್ತಿ ಅಂಕ. 1993ರ ಆಟಕ್ಕೆ ತೊಂಬತ್ತರ ದಶಕದಲ್ಲಿ ಮಾಡಿದ ವ್ಯಾಡ್ ಎಂಬ ಮ್ಯಾಪ್ ಫೈಲ್‌ಗಳು ಇವತ್ತಿಗೂ ಅಲ್ಲಿ ಸಿಗುತ್ತವೆ, ಕಾರಣ ಅದರ ಶಿಸ್ತು. ಜಿಪ್ ಹೆಸರು ಎಂಟು ಅಕ್ಷರದೊಳಗೆ, ಜೊತೆಗೆ ಅದೇ ಹೆಸರಿನ ಪಠ್ಯ ಫೈಲ್ ಕಡ್ಡಾಯ. ಆ ಫೈಲಿಗೆ ಒಂದು ನಮೂನೆ ಇದೆ: ಯಾವ ಐವ್ಯಾಡ್ (ಆಟದ ಮೂಲ ಫೈಲ್) ಬೇಕು, ಯಾವ ಮ್ಯಾಪ್ ಸ್ಥಾನದಲ್ಲಿದೆ, ಯಾವ ಸೋರ್ಸ್ ಪೋರ್ಟ್‌ನಲ್ಲಿ (ಡೂಮ್ ಓಡಿಸುವ ಈಗಿನ ತಂತ್ರಾಂಶ) ಪರೀಕ್ಷಿಸಿದ್ದು, ಒಬ್ಬರೇ ಆಡುವುದೋ ಜೊತೆಯಾಗಿಯೋ, ಕಠಿಣತೆಯ ಹಂತಗಳಿವೆಯೇ, ಗೊತ್ತಿರುವ ದೋಷಗಳೇನು, ಇದನ್ನು ಆಧಾರವಾಗಿಟ್ಟು ಬೇರೆಯವರು ಹೊಸ ಮ್ಯಾಪ್ ಮಾಡಬಹುದೇ ಇಲ್ಲವೇ. ಡೂಮ್ ಮುಟ್ಟದವರೂ ಈ ನಮೂನೆಯನ್ನು ಒಮ್ಮೆ ಓದಬೇಕು. ಯಾವ ಆಟದ ಮ್ಯಾಪ್ ಆದರೂ ಜೊತೆಗೆ ಇಡುವ ರೀಡ್‌ಮಿ ಫೈಲಿಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಎಚ್ಚರ ಒಂದೇ: ಅಲ್ಲಿ ಸೇರಿದ್ದನ್ನು ಹೊರತೆಗೆಸುವುದು ಸುಲಭವಲ್ಲ. ಅರೆಬೆಂದದ್ದನ್ನು ಕಳಿಸಬೇಡಿ. ಡೂಮ್2.ವ್ಯಾಡ್‌ನಂಥ ಆಟದ ಮೂಲ ಫೈಲನ್ನು ಜಿಪ್‌ಗೆ ಎಂದೂ ಸೇರಿಸಬೇಡಿ.

ಮಾಡ್.ಐಒ ಆಟದೊಳಗೇ ಸೇರಿಕೊಂಡಿರುವ ಸೇವೆ, ಕನ್ಸೋಲ್ ಆಟಗಾರರಿಗೂ ತಲುಪಿಸುತ್ತದೆ. ಲೋಗೋ ಚಿತ್ರ ಕನಿಷ್ಠ 512×288 ಇರಬೇಕು, 16:9 ಪ್ರಮಾಣದಲ್ಲಿದ್ದರೆ ಒಳ್ಳೆಯದು. ನಿಮ್ಮ ಆಟ ಅದನ್ನು ಬಳಸುತ್ತಿದ್ದರೆ ಬೇರೆ ಯೋಚನೆ ಬೇಕಿಲ್ಲ.

ಸಂಕೇತ ಕೊಟ್ಟು ಹಂಚುವ ಆಟಗಳು

ಸೂಪರ್ ಮಾರಿಯೋ ಮೇಕರ್ 2ರಲ್ಲಿ ಒಂಬತ್ತು ಅಕ್ಷರಗಳ ಸಂಕೇತ, ಫೋರ್ಟ್‌ನೈಟ್‌ನಲ್ಲಿ ಹನ್ನೆರಡು ಅಂಕಿಯ ದ್ವೀಪ ಸಂಕೇತ. ಫೈಲ್ ಎಂಬುದೇ ಕೈಗೆ ಬರುವುದಿಲ್ಲ, ಹಾಗಾಗಿ ಕಾಣೆಯಾಗುವ ಟೆಕ್ಸ್ಚರ್‌ನ ತೊಂದರೆಯೂ ಇಲ್ಲ. ಸೇವೆ ನಿಂತರೆ ನಿಮ್ಮ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ, ಅದೇ ಬೆಲೆ. ಆದರೆ ಮಾರಿಯೋ ಮೇಕರ್‌ನ ಒಂದು ನಿಯಮವನ್ನು ಮನಸಾರೆ ಮೆಚ್ಚಬೇಕು: ಮಾಡಿದವರು ತಮ್ಮ ಕೋರ್ಸನ್ನು ಆರಂಭದಿಂದ ಕೊನೆಯವರೆಗೆ ಆಡಿ ಗೆದ್ದು ತೋರಿಸದೆ ಅಪ್‌ಲೋಡ್ ಆಗುವುದಿಲ್ಲ. ಕಾರ್ ಓಟದ ಆಟ ಟ್ರ್ಯಾಕ್‌ಮೇನಿಯಾದಲ್ಲೂ ಹಾಗೆ, ಟ್ರ್ಯಾಕ್ ಮುಗಿಸಿ ಮಾನ್ಯ ಮಾಡಬೇಕು, ಆ ಸಮಯವೇ ಆಥರ್ ಮೆಡಲ್. ಬೇರೆ ಜಾಗಗಳು ಕೇಳದಿದ್ದರೂ ಈ ನಿಯಮವನ್ನು ನಿಮಗೆ ನೀವೇ ಹಾಕಿಕೊಳ್ಳಿ. ಗೋಡೆಯೊಳಗಿಂದ ದಾಟಿಸುವ ನೋಕ್ಲಿಪ್ ಇಲ್ಲದೆ, ಚೀಟ್ ಇಲ್ಲದೆ, ಪ್ಯಾಕ್ ಮಾಡಿದ ಅದೇ ಫೈಲಿನಲ್ಲಿ ಕೊನೆ ಮುಟ್ಟಿ.

ಡ್ರೈವ್, ಡಿಸ್ಕಾರ್ಡ್, ಗಿಟ್‌ಹಬ್, ಇಚ್

ಗೂಗಲ್ ಡ್ರೈವ್ ಲಿಂಕ್ ಪರೀಕ್ಷಕರಿಗೆ ಕೊಡಲು ಸಾಕು, ಶಾಶ್ವತ ಮನೆಯಾಗಿ ಬೇಡ. 100 ಎಂಬಿ ದಾಟಿದ ಫೈಲಿಗೆ ವೈರಸ್ ಪರೀಕ್ಷೆ ಮಾಡಲಾಗಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಹೊಸ ಆಟಗಾರ ಅಲ್ಲೇ ಹಿಂದೆ ಸರಿಯುತ್ತಾನೆ. ಒಮ್ಮೆಗೇ ತುಂಬ ಜನ ಬಂದರೆ ಡೌನ್‌ಲೋಡ್ ಮಿತಿ ಮುಗಿಯಿತೆಂದು ಮುಚ್ಚಿಕೊಳ್ಳುತ್ತದೆ. ಹಂಚುವಾಗ ಲಿಂಕ್ ಇರುವ ಯಾರಿಗಾದರೂ ಎಂಬ ಆಯ್ಕೆ ಹಾಕದಿದ್ದರೆ ಅನುಮತಿ ಕೇಳುವ ಪತ್ರಗಳಷ್ಟೇ ಬರುತ್ತವೆ.

ಡಿಸ್ಕಾರ್ಡ್‌ನಲ್ಲಿ ಫೈಲ್ ಹಾಕಿ ಅದರ ಲಿಂಕನ್ನು ಬೇರೆ ಕಡೆ ಅಂಟಿಸುವ ಅಭ್ಯಾಸ ಬಿಡಿ. 2023ರ ಕೊನೆಯಿಂದ ಆ ಲಿಂಕ್‌ಗಳಿಗೆ ಅವಧಿ ಇದೆ, ಹೊರಗೆ ಅಂಟಿಸಿದ್ದು ಒಂದು ದಿನದಲ್ಲಿ ಸಾಯುತ್ತದೆ. ಉಚಿತ ಖಾತೆಗೆ ಫೈಲಿನ ಗಾತ್ರದ ಮಿತಿಯೂ ಕಡಿಮೆ.

ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್, ಮ್ಯಾಪರ್‌ಗಳು ಇನ್ನೂ ಸಾಕಷ್ಟು ಬಳಸದ ಒಳ್ಳೆಯ ಜಾಗ. ರೆಪಾಸಿಟರಿಯೊಳಗೆ (ಫೈಲ್‌ಗಳ ಸಂಗ್ರಹದೊಳಗೆ) 100 ಎಂಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ, ಆದರೆ ರಿಲೀಸಸ್ ವಿಭಾಗದಲ್ಲಿ ಒಂದು ಫೈಲ್ 2 ಜಿಬಿವರೆಗೂ ಇರಬಹುದು. ಪ್ರತಿ ಆವೃತ್ತಿಗೂ ಬೇರೆ ಪುಟ, ಬೇರೆ ಟಿಪ್ಪಣಿ, ಹಳೆಯದೆಲ್ಲ ಹಾಗೇ ಇರುತ್ತದೆ. ದೋಷ ಬರೆಯಲು ಇಶ್ಯೂಸ್ ಎಂಬ ವಿಭಾಗ ಇದೆ. ಆಟಗಾರರು ಅಲ್ಲಿಗೆ ತಾವಾಗಿ ಬರುವುದಿಲ್ಲ ಎಂಬುದೊಂದೇ ಕೊರತೆ, ಲಿಂಕ್ ಕೊಟ್ಟು ಕರೆತರಬೇಕು. ಸ್ವತಂತ್ರ ಆಟಗಳ ತಾಣ ಇಚ್.ಐಒ ನೋಟಕ್ಕೆ ಸುಂದರ. ದೊಡ್ಡ ಫೈಲ್‌ಗೆ ಬ್ರೌಸರ್ ಬಿಟ್ಟು ಅವರ ಬಟ್ಲರ್ ಸಾಧನ ಬಳಸಿ.

ಎಲ್ಲಿ ಹಾಕಿದರೂ ಆರ್‌ಎಆರ್, 7ಜೆಡ್ ಬಿಟ್ಟು ಸಾದಾ ಜಿಪ್ ಇರಲಿ. ಮ್ಯಾಕ್‌ನಲ್ಲಿ ಜಿಪ್ ಮಾಡಿದರೆ ಜೊತೆಗೆ ಬೇಡದ ಗುಪ್ತ ಫೈಲ್‌ಗಳು ಸೇರುತ್ತವೆ, ತೆಗೆದು ಹಾಕಿ. ಫೋಲ್ಡರ್ ಹೆಸರುಗಳು ಉದ್ದವಾದರೆ ವಿಂಡೋಸ್‌ನ 260 ಅಕ್ಷರದ ಹಾದಿ ಮಿತಿ ದಾಟಿ ಬಿಚ್ಚುವಾಗ ತಪ್ಪು ಬರುತ್ತದೆ.

ಪುಟದಲ್ಲಿ ಬರೆಯಬೇಕಾದ್ದು, ಅಳಿಸುವ ಮುನ್ನ ಯೋಚಿಸಬೇಕಾದ್ದು

ವಿವರಣೆಯ ಮೊದಲ ಎರಡು ಸಾಲಿನಲ್ಲಿ ಎಷ್ಟು ಜನ ಆಡಬಹುದು, ಎಷ್ಟು ಹೊತ್ತು, ಆಟದ ಯಾವ ಆವೃತ್ತಿ, ಬೇರೆ ಏನಾದರೂ ಇಳಿಸಿಕೊಳ್ಳಬೇಕೇ ಎಂಬುದು ಬರಬೇಕು. ಕಥೆ ಆಮೇಲೆ. ಚಿತ್ರಗಳು ಎಡಿಟರ್‌ನವಲ್ಲ, ಆಟದೊಳಗಿನವು. ಪರದೆಯ ಮೇಲಿನ ಆರೋಗ್ಯ, ಗುಂಡಿನ ಲೆಕ್ಕ ಮರೆಮಾಡಿ ತೆಗೆದವು. ಮೊದಲ ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ, ಆಗಲೂ ಏನೆಂದು ತಿಳಿಯಬೇಕು. ಕತ್ತಲ ಮ್ಯಾಪ್‌ಗಳು ಇಲ್ಲೇ ಸೋಲುತ್ತವೆ.

ಬೇರೆಯವರು ಮಾಡಿದ ಟೆಕ್ಸ್ಚರ್, ಮಾಡೆಲ್, ಸಂಗೀತ ಬಳಸಿದ್ದರೆ ಒಂದೊಂದಕ್ಕೂ ಹೆಸರು ಮತ್ತು ಅನುಮತಿಯ ಬಗೆ ಬರೆಯಿರಿ. ಉಚಿತವಾಗಿ ಸಿಕ್ಕಿತು ಎಂದರೆ ಮತ್ತೆ ಹಂಚಬಹುದು ಎಂದಲ್ಲ. ಒಂದು ವಾಣಿಜ್ಯ ಆಟದಿಂದ ತೆಗೆದ ಮಾಡೆಲನ್ನು ಇನ್ನೊಂದು ಆಟದ ಮ್ಯಾಪಿಗೆ ಹಾಕಿದರೆ ಪುಟವನ್ನೇ ಕಿತ್ತುಹಾಕುವ ಸಂಭವವಿದೆ. ಜನಪ್ರಿಯ ಹಾಡು ಹಾಕಿದರೆ ನಿಮ್ಮ ಮ್ಯಾಪ್ ಆಡುತ್ತ ವಿಡಿಯೋ ಮಾಡುವವರಿಗೆ ಹಕ್ಕುಸ್ವಾಮ್ಯದ ದೂರು ಬರುತ್ತದೆ, ಅವರು ಮತ್ತೆ ನಿಮ್ಮ ಮ್ಯಾಪ್ ಮುಟ್ಟುವುದಿಲ್ಲ.

ಕಾಮೆಂಟಿನಲ್ಲಿ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬಂದರೆ ಬೇಸರ ಬೇಡ. ಆಟದ ಆವೃತ್ತಿ, ಬೇರೆ ಮಾಡ್‌ಗಳೇನಾದರೂ (ಆಟವನ್ನು ಬದಲಿಸುವ ಸೇರ್ಪಡೆಗಳು) ಇವೆಯೇ, ಎಲ್ಲಿ ನಿಂತಿತು, ಈ ಮೂರನ್ನು ಕೇಳಿ. ಮಾಡ್‌ಗಳನ್ನೆಲ್ಲ ನಿಲ್ಲಿಸಿ ಒಮ್ಮೆ ನೋಡಲು ಹೇಳಿ. ಮೂವರು ಒಂದೇ ಜಾಗದಲ್ಲಿ ಸಿಕ್ಕಿಬಿದ್ದರೆ ಆಟಗಾರರಿಗೆ ಜಾಣತನ ಇಲ್ಲವೆಂದಲ್ಲ, ಅಲ್ಲಿ ಬೆಳಕೋ ಗುರುತೋ ಕಡಿಮೆ ಇದೆ.

ವರ್ಕ್‌ಶಾಪ್‌ನಲ್ಲಿ ಮೆಚ್ಚುಗೆಯ ನಕ್ಷತ್ರಗಳು ಸಾಕಷ್ಟು ಮತ ಬೀಳುವ ತನಕ ಕಾಣುವುದೇ ಇಲ್ಲ. ಅದಕ್ಕಾಗಿ ಅಳಿಸಿ ಮತ್ತೆ ಹಾಕುವವರಿದ್ದಾರೆ, ಹಾಗೆ ಮಾಡಬೇಡಿ. ಅಳಿಸಿದ ಕೂಡಲೇ ಹಳೆಯ ಗುರುತಿನ ಸಂಖ್ಯೆ ಸತ್ತುಹೋಗುತ್ತದೆ, ಸಬ್‌ಸ್ಕ್ರೈಬರ್‌ಗಳು ಹೋಗುತ್ತಾರೆ, ಯಾರದೋ ಕಲೆಕ್ಷನ್‌ನಲ್ಲಿ ಸೇರಿದ್ದರೆ ಅಲ್ಲಿಂದಲೂ ಮಾಯವಾಗುತ್ತದೆ, ಆ ಸಂಖ್ಯೆಯನ್ನು ಸರ್ವರ್‌ನ ಮ್ಯಾಪ್ ಸರದಿಯಲ್ಲಿ ಬರೆದಿಟ್ಟವರಿಗೆ ಲೋಡ್ ಆಗುವುದಿಲ್ಲ. ಪೂರ್ತಿ ಹೊಸದಾಗಿ ಕಟ್ಟಿದ ಮ್ಯಾಪ್ ಆದರೆ ಹೊಸ ಪುಟ ಮಾಡಿ, ಹಳೆಯ ಪುಟವನ್ನು ಹಾಗೇ ಬಿಟ್ಟು ಅದರ ವಿವರಣೆಯ ಮೊದಲ ಸಾಲಿನಲ್ಲಿ ಹೊಸದರ ಲಿಂಕ್ ಹಾಕಿ.